ನಕ್ಷೆಯಕ್ಕನ ಹಳದಿ ಬಣ್ಣ

ಬೀದಿಯವರೆಲ್ಲ ಅವಳನ್ನು ನಕ್ಷೆಯಕ್ಕ ಎಂದೇ ಕರೆಯುತ್ತಿದ್ದರು. ಕಂಪ್ಯೂಟರು ಇನ್ನೂ ಕಾಲಿಡದ ಕಾಲ. ನಗರ ಯೋಜನಾ ಕಚೇರಿಯಲ್ಲಿ ಕೈಯಿಂದ ನಕ್ಷೆ ಬರೆಯುವುದು ಅವಳ ಕೆಲಸ. ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಮದುವೆಯಾದ ಹೊಸತರಲ್ಲಿ ಅವನ ಚಿಕ್ಕಮ್ಮ, "ಹೋಗಿ ಹೋಗಿ ಗೆರೆ ಎಳೆಯೋ ಹುಡುಗೀನ ತಂದ್ಯಲ್ಲೋ" ಎಂದು ಮೂಗು ಮುರಿದಿದ್ದಳು. "ನಾನೂ ಬಟ್ಟೆ ಮೇಲೆ ಗೆರೆ ಎಳೆಯೋನೇ ಅಲ್ವಾ ಚಿಕ್ಕಮ್ಮ" ಎಂದು ಅವನು ನಕ್ಕುಬಿಟ್ಟಿದ್ದ.

ಕಚೇರಿಯಲ್ಲಿ ಮುಗಿಯದ ಕೆಲಸ ಮನೆಗೆ ಬಂದರೆ ಬಟ್ಟೆ ಕತ್ತರಿಸುವ ಮೇಜು ಇಬ್ಬರಿಗೂ ಪಾಲಾಗುತ್ತಿತ್ತು.

"ನಿನ್ನ ಊರನ್ನ ಸ್ವಲ್ಪ ಆ ಕಡೆ ಎಳ್ಕೋ ಮಾರಾಯ್ತಿ, ಅಂಗಿ ತೋಳು ಕತ್ತರಿಸ್ಬೇಕು."

"ರೀ, ನಿಮ್ಮ ಸೀಮೆಸುಣ್ಣ ನನ್ನ ಕೆರೆಗೆ ಬಿತ್ತು ನೋಡಿ!"

ಮನೆ ಕಟ್ಟಲು ಹೊರಟವರೆಲ್ಲ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಸೆಟ್‌ಬ್ಯಾಕ್ ಅಂದರೇನು ಎಂದು ಕೇಳಿದರೆ, "ಗೋಡೆಗೂ ನಿಮ್ಮ ಸೈಟಿನ ಗಡಿಗೂ ನಡುವೆ ಬಿಡೋ ಖಾಲಿ ಜಾಗ. ನಿಮ್ಮನೆಗೂ ಗಾಳಿ ಬೇಕು, ಪಕ್ಕದ ಮನೆಗೂ ಬೇಕು" ಎನ್ನುತ್ತಿದ್ದಳು. ಬಡಾವಣೆ ಅಂದರೆ ಸೈಟು ಕತ್ತರಿಸಿ ಮಾರುವುದಷ್ಟೇ ಅಲ್ಲ, ರಸ್ತೆ, ಚರಂಡಿ, ಮಕ್ಕಳು ಆಡುವ ಜಾಗ ಎಲ್ಲ ಸೇರಿದ್ದು ಎಂದು ಬಿಡಿಸಿ ಹೇಳುತ್ತಿದ್ದಳು. ಆಗೆಲ್ಲ ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ ಕಿವಿಗೊಡುತ್ತಿದ್ದ.

ಆ ವರ್ಷ ಊರಿನ ಹೊಸ ಯೋಜನೆಯ ಕರಡು ಹೊರಬಿತ್ತು. ನಕ್ಷೆಯಲ್ಲಿ ಅವರ ಬೀದಿಗೆ ಹಳದಿ ಬಣ್ಣ ಬಂದಿತ್ತು. "ನಮ್ದು ಇನ್ಮೇಲೆ ಅಪ್ಪಟ ವಸತಿ ವಲಯ!" ಎಂದು ಸೈಕಲ್ ರಿಪೇರಿಯವನು ಎಲ್ಲರಿಗೂ ಹೇಳಿಕೊಂಡು ತಿರುಗಿದ. ನಕ್ಷೆಯಕ್ಕ ಮಾತ್ರ ಊಟಕ್ಕೆ ಕೂತವಳು ತುತ್ತು ಎತ್ತಲಿಲ್ಲ.

"ಹಳದಿ ಅಂದ್ರೆ ವಾಸಕ್ಕೆ ಮಾತ್ರ ರೀ. ಕರಡು ಹಾಗೇ ಪಾಸಾದ್ರೆ ಮನೆ ಮುಂದಿನ ಅಂಗಡಿಗಳೆಲ್ಲ ಮುಚ್ಬೇಕು."

"ನಮ್ದೂ?"

"ನಮ್ದೂ."

"ಆ ಬಣ್ಣ ಬಳಿದೋರು ಯಾರು?"

"ತೀರ್ಮಾನ ಮೇಲಿನವರದು. ಬಳಿದೋಳು ನಾನೇ."

"ಹಾಗಾದ್ರೆ ಸದ್ದಿಲ್ದೆ ಬೇರೆ ಬಣ್ಣ ಬಳಿದುಬಿಡು" ಎಂದ, ಅರ್ಧ ತಮಾಷೆಗೆ, ಅರ್ಧ ನಿಜಕ್ಕೆ.

"ಅಳತೆ ಕೊಟ್ಟು ಹೋದೋರ ಅಂಗೀನ ನೀವು ಕೇಳ್ದೆ ಗಿಡ್ಡ ಮಾಡ್ತೀರಾ?"

ದರ್ಜಿ ತಟ್ಟೆಯನ್ನು ಅವಳ ಹತ್ತಿರಕ್ಕೆ ಸರಿಸಿದ.

ಮರುದಿನ ಅವಳು ಅಧಿಕಾರಿಯ ಮುಂದೆ ನಿಂತು, ತನ್ನ ಗಂಡನ ಅಂಗಡಿ ಅದೇ ಬೀದಿಯಲ್ಲಿದೆ, ತೀರ್ಮಾನದಿಂದ ತನ್ನನ್ನು ದೂರವಿಡಿ, ಆದರೆ ಸಾರ್ವಜನಿಕ ಸಭೆಯಲ್ಲಿ ಪದಗಳ ಅರ್ಥ ಹೇಳಲು ಬಿಡಿ ಎಂದು ಕೇಳಿದಳು.

"ಜನ ಸುಮ್ನಿದಾರೆ, ನೀವ್ಯಾಕಮ್ಮ ಕೆದಕ್ತೀರಿ?"

"ಅರ್ಥ ಆಗಿ ಸುಮ್ನಿದ್ರೆ ಒಪ್ಪಿಗೆ ಸರ್. ಅರ್ಥ ಆಗ್ದೆ ಸುಮ್ನಿದ್ರೆ ಏನಂತ ಬರ್ಕೊಳ್ಳೋಣ?"

ಅಧಿಕಾರಿ ಕೆಟ್ಟ ಮನುಷ್ಯನಲ್ಲ. ತಲೆ ಕೆರೆದುಕೊಂಡು ಹೂಂ ಎಂದ.

ಸಭೆಯ ದಿನ ದರ್ಜಿ ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿದ್ದುದನ್ನೂ ಮರೆತು ಹಿಂದಿನ ಸಾಲಿನಲ್ಲಿ ಕೂತ. ಅವಳು ನಕ್ಷೆಯ ಪಕ್ಕ ನಿಂತು, ತಮ್ಮ ಅಂಗಡಿಯ ವಿಷಯವನ್ನೇ ಮೊದಲು ಹೇಳಿದಳು. "ಹಾಗಾಗಿ ಯಾವ್ದು ಬೇಕು ಅಂತ ನಾನು ಹೇಳಲ್ಲ. ಯಾವ್ದು ಅಂದ್ರೆ ಏನು ಅಂತಷ್ಟೇ ಹೇಳ್ತೀನಿ." ಹಳದಿಯ ಅರ್ಥ ತಿಳಿದದ್ದೇ ತಡ, ಸಭೆಯಲ್ಲಿ ಗುಲ್ಲೆದ್ದಿತು. ಸೈಕಲ್ ರಿಪೇರಿಯವನು ಕುರ್ಚಿಯಿಂದ ಚಿಮ್ಮಿದ. "ಹಾಗಾದ್ರೆ ನಮಗೆ ಮಿಶ್ರ ಬಳಕೆ ಮಾಡಿ! ಮನೆನೂ ಇರ್ಲಿ, ಅಂಗಡಿನೂ ಇರ್ಲಿ!"

"ಕೂತ್ಕೊಳ್ಳಿ ಅಣ್ಣ, ಅದರ ಕಷ್ಟನೂ ಕೇಳಿ. ನಿಮ್ಮ ಅಂಗಡಿಗೆ ತೆಗೆದ ಬಾಗಿಲಲ್ಲೇ ನಾಳೆ ವೆಲ್ಡಿಂಗ್ ಶೆಡ್ಡೂ ನುಗ್ಗಬಹುದು, ಲಾರಿಗಳೂ ಬರಬಹುದು."

ಇವಳು ನಮ್ಮ ಹೊಟ್ಟೆಯ ಮೇಲೇ ಹೊಡೆಯುತ್ತಿದ್ದಾಳಲ್ಲ ಎಂದು ದರ್ಜಿಗೆ ಒಂದು ಗಳಿಗೆ ಅನ್ನಿಸಿತು. ಆಮೇಲೆ ಸುತ್ತ ನೋಡಿದ. ಸಭೆಗೆ ಸಭೆಯೇ ಅವಳ ಮಾತಿಗೆ ಕಿವಿ ಕೊಟ್ಟು ಕೂತಿತ್ತು. ಸಣ್ಣ ಸದ್ದಿಗೂ ಸಿಡುಕುವ ಎದುರುಮನೆ ಟೀಚರಮ್ಮ ಎದ್ದು ನಿಂತರು.

"ಮನೆಯವರೇ ನಡೆಸೋ ಸಣ್ಣ ಅಂಗಡಿ ಇರ್ಲಿ, ದೊಡ್ಡ ಯಂತ್ರದ ಗದ್ದಲ ಬೇಡ. ಹೀಗೆ ಕೇಳೋಕಾಗಲ್ವೇನಮ್ಮ?"

"ಆಗುತ್ತೆ ಟೀಚರ್. ಷರತ್ತು ಹಾಕಿದ ಮಿಶ್ರ ಬಳಕೆ ಅಂತ ಕೇಳ್ಬಹುದು."

ಬೀದಿ ಒಟ್ಟಾಗಿ ಹಾಗೆಯೇ ಕೇಳಿತು. ಮಳೆಗಾಲ ಕಳೆಯುವ ಹೊತ್ತಿಗೆ ಹಾಗೆಯೇ ಮಂಜೂರೂ ಆಯಿತು. ಅಂದಿನಿಂದ ಊರಿನ ಯಾವ ಮೂಲೆಯಲ್ಲಿ ಇಂಥ ಸಭೆ ನಡೆದರೂ ಅಧಿಕಾರಿ ಮೊದಲು ಅವಳನ್ನೇ ಕರೆಯುತ್ತಿದ್ದ.

ಅಂತಿಮ ನಕ್ಷೆಯನ್ನು ಕಚೇರಿಯ ಗೋಡೆಗೆ ಹಚ್ಚಿದ ದಿನ, ದರ್ಜಿ ನಡುಹಗಲಲ್ಲೇ ಅಂಗಡಿಗೆ ಬೀಗ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದ. ತುಂಬಾ ಹೊತ್ತು ನಿಂತೇ ಇದ್ದವನನ್ನು ನೋಡಿ ಕಾವಲುಗಾರ ಕೇಳಿದ.

"ಏನ್ ಸ್ವಾಮಿ, ನಿಮ್ಮ ಸೈಟು ಸಿಗ್ಲಿಲ್ವಾ?"

"ಸೈಟು ಹುಡುಕ್ತಿಲ್ಲಪ್ಪ" ಎಂದ ದರ್ಜಿ, ಪಕ್ಕದಲ್ಲಿದ್ದವರಿಗೂ ಕೇಳುವಷ್ಟು ಗಟ್ಟಿಯಾಗಿ. "ಇದನ್ನ ಬರೆದೋಳು ನನ್ನ ಹೆಂಡ್ತಿ."