ಬ್ರೇಕ್ ಆಯಿಲ್ ಎಂಬ ಹೆಸರು

ಗೆಳೆಯರೇ, ಇವತ್ತು ಬೆಳಿಗ್ಗೆ ಮಧುಗಿರಿಯಿಂದ ಪಾವಗಡಕ್ಕೆ ಹೊರಡುವ ಮುನ್ನ ನಮ್ಮ ಭಾವ ಕಾರಿನ ಬಾನೆಟ್ ಎತ್ತಿ, ಬ್ರೇಕಿನ ಡಬ್ಬಿಗೆ ಇಂಜಿನ್ ಆಯಿಲ್ ಸುರಿಯಲು ಹೊರಟಿದ್ದರು. ಓಡಿಹೋಗಿ ಕೈ ಹಿಡಿದೆ.

"ಬುಡು ಬಾಮೈದ, ಬ್ರೇಕ್ ಆಯಿಲ್ ಕಮ್ಮಿ ಆಗೈತೆ. ಇದೂ ಆಯಿಲ್ಲೇ ಅಲ್ವಾ?"

"ಹೆಸರಿಗಷ್ಟೇ ಅದು ಆಯಿಲ್ ಭಾವ, ನಿಜವಾಗಿ ಅದು ಬ್ರೇಕ್ ಫ್ಲೂಯಿಡ್ ಅನ್ನೋ ಬೇರೇನೇ ದ್ರವ. ಇದನ್ನ ಹಾಕಿದ್ರೆ ಒಳಗಿನ ರಬ್ಬರ್ ಉಬ್ಬಿ ಬ್ರೇಕೇ ಹಿಡಿಯಲ್ಲ."

ಹಿಂದಿನ ಸೀಟಿನಲ್ಲಿ ಅಕ್ಕ ಮೊಮ್ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡಿದ್ದಳು. ಭಾವ ಅತ್ತ ನೋಡಿದರು. ಆಯಿಲ್ ಕ್ಯಾನ್ ಕೆಳಗಿಟ್ಟರು.

ಇಬ್ಬರೂ ಸ್ಕೂಟರಿನಲ್ಲಿ ಬಿಡಿಭಾಗಗಳ ಅಂಗಡಿಗೆ ಹೋದೆವು. ನಾನು ಸ್ಪಷ್ಟವಾಗಿ, "ಬ್ರೇಕ್ ಫ್ಲೂಯಿಡ್ ಕೊಡಿ" ಎಂದೆ.

"ಬ್ರೇಕ್ ಆಯಿಲಾ ಸಾರ್?" ಅಂದರು ಅಂಗಡಿಯವರು.

ಭಾವ ನನ್ನ ಮುಖವನ್ನೇ ನೋಡುತ್ತಿದ್ದರು.

"ಹ್ಞೂಂ, ಅದೇ" ಅಂದೆ.