ಬಂಗಾಳಕ್ಕೆ ಅಳೆದ ರಾಗಿ

ನಾನು ಮೈಸೂರಿನವನಾದದ್ದು ಒಂದು ಗುರುವಾರ. ಹಿಂದಿನ ದಿನ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿ ಮಲಗಿದವನು, ಬೆಳಗ್ಗೆ ಏಳುವ ಹೊತ್ತಿಗೆ ಚಾಪೆ ಕೂಡ ಬದಲಿಸದೆ ಮೈಸೂರು ರಾಜ್ಯದಲ್ಲಿದ್ದೆ. ಅದು ೧೯೫೬ರ ನವೆಂಬರ್. ನಾನು ಕೊಳ್ಳೇಗಾಲದ ಹೈಸ್ಕೂಲಿನಲ್ಲಿ ಓದುತ್ತಿದ್ದೆ. ಇಷ್ಟು ದೊಡ್ಡ ಕೆಲಸಕ್ಕೆ ನನ್ನ ಕೊಡುಗೆ ಎಂದರೆ ಮೆರವಣಿಗೆಯಲ್ಲಿ ಬಾವುಟದ ಕೋಲು ಹಿಡಿದದ್ದು, ಅದೂ ಬಾವುಟ ಗಾಳಿಗೆ ಕಿತ್ತುಹೋದ ಮೇಲೆ. ಆದರೂ ನಮ್ಮೂರಾದ ಮುಳ್ಳೂರಿಗೆ ನಡೆದು ಬರುವಾಗ ಕನ್ನಡನಾಡನ್ನು ನಾನೇ ಒಂದುಗೂಡಿಸಿ ಬಂದೆ ಎಂಬ ಗತ್ತು ಮೈಮೇಲಿತ್ತು.

ಮನೆಗೆ ಬಂದು ಅವ್ವನಿಗೆ ಸುದ್ದಿ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು.

‘ಅಂಗಾರೆ ನಮ್ಮೂರಿಗೆ ಓಗೋ ಬಸ್ಸು ನಿಂತೋಯ್ತದಾ?’

ಅವಳ ಊರು ಹನೂರು ದಾಟಿ, ಕಾಡು ಹತ್ತಿ, ಬರಗೂರು ಘಾಟಿ ಇಳಿದರೆ ಸಿಗುವ ಭವಾನಿ ಸೀಮೆಯ ಒಂದು ಹಳ್ಳಿ. ಅಪ್ಪ ಅತ್ತ ಕಡೆ ಎತ್ತು ಕೊಳ್ಳಲು ಹೋದವನು ಎತ್ತಿನ ಜೊತೆಗೆ ಸಂಬಂಧವನ್ನೂ ಕುದುರಿಸಿಕೊಂಡು ಬಂದಿದ್ದನಂತೆ. ಆಗ ಅದೇನು ಪರರಾಜ್ಯವಲ್ಲ. ನಮ್ಮದೂ ಅದೇ ಜಿಲ್ಲೆ, ಅವರದೂ ಅದೇ ಜಿಲ್ಲೆ. ಪರರಾಜ್ಯ ಎಂದರೆ ಪಕ್ಕದಲ್ಲೇ ಇದ್ದ ಯಳಂದೂರು, ಏಕೆಂದರೆ ಅದು ಮೈಸೂರಿನವರದು. ಅವ್ವ ತಮಿಳು ತಂದಳು, ಅಪ್ಪನ ಕಡೆ ಕನ್ನಡವಿತ್ತು, ನಾನು ಎರಡನ್ನೂ ಕುಡಿದು ಬೆಳೆದೆ. ನಿಜ ಹೇಳಬೇಕೆಂದರೆ ನಾನು ಮೊದಲು ಆಡಿದ ಮಾತು ಅವ್ವನ ಭಾಷೆಯದು.

ಊರಲ್ಲಿ ಅವ್ವನಿಗೆ ಒಂದು ಹೆಸರಿತ್ತು. ಕಣದಲ್ಲಿ ರಾಗಿ ಅಳೆಯುವುದು ಗಂಡಸರ ಕೆಲಸ. ಆದರೆ ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ, ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇಲ್ಲದಾಗ, ಅವ್ವನನ್ನು ಕರೆಸುತ್ತಿದ್ದರು. ಅವಳು ಸೆರಗು ಸಿಕ್ಕಿಸಿ ಕೂತು, ಸೇರು ತುಂಬಿ, ಅಂಗೈಯಲ್ಲಿ ಬಾಯಿ ಸವರಿ, ಸುತ್ತ ನಿಂತವರಿಗೆಲ್ಲ ಕೇಳುವಂತೆ ಎಣಿಸುತ್ತಿದ್ದಳು. ನಮ್ಮ ಕಡೆ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಅವಳದು ‘ಲಾಬಂ, ರೆಂಡು, ಮೂಣು, ನಾಲು’ ಎಂದು ಹೊರಟರೆ ರಾಶಿ ಮುಗಿಯುವವರೆಗೂ ಎಡವಿದ್ದಿಲ್ಲ. ಯಾವ ಭಾಷೆ ಎಂದು ಯಾರೂ ಕೇಳಿದ್ದಿಲ್ಲ.

ಕೇಳಿದವನು ನಾನೇ, ಅವಳ ಹೊಟ್ಟೆಯಲ್ಲಿ ಹುಟ್ಟಿದ ದೊಡ್ಡ ಮನುಷ್ಯ.

ನನಗೆ ಮೇಷ್ಟ್ರ ಕೆಲಸ ಸಿಕ್ಕಿತು. ಎರಡು ವರ್ಷ ಹನೂರಿನ ಹತ್ತಿರದ ಶಾಗ್ಯದಲ್ಲಿದ್ದು ಮುಳ್ಳೂರಿಗೇ ವರ್ಗ ಮಾಡಿಸಿಕೊಂಡು ಬಂದೆ. ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದ. ಯಳಂದೂರಿನಿಂದ ಹೆಣ್ಣಿನ ಸಂಬಂಧ ಬಂತು. ಹೆಣ್ಣಿನ ತಂದೆ ತಾಲ್ಲೂಕು ಕಚೇರಿಯಲ್ಲಿದ್ದವರು. ಜರಿಪೇಟ, ಕರಿಕೋಟು, ಮೈಸೂರು ಎಂಬ ಮಾತು ಬಂದರೆ ಕೂತಲ್ಲೇ ಸ್ವಲ್ಪ ನೆಟ್ಟಗಾಗುವ ಮನುಷ್ಯ. ಮೊದಲ ಭೇಟಿಯಲ್ಲೇ ನಗುತ್ತ, ‘ಏನಪ್ಪಾ, ನಮ್ ರಾಜ್ಯ ಒಗ್ತಾ ನಿಮ್ಗೆ?’ ಎಂದು ಕೇಳಿದ್ದರು. ಆ ಒಂದು ಮಾತು ನನ್ನ ಹೊಟ್ಟೆಯಲ್ಲಿ ಮೆಣಸಿನಕಾಯಿಯಾಗಿ ಕೂತಿತು. ಇವರ ಮುಂದೆ ಇವರಿಗಿಂತ ಒಂದು ಕೈ ಹೆಚ್ಚಿನ ಕನ್ನಡಿಗನಾಗಬೇಕು ಎಂದು ಹಟ ಹಿಡಿದೆ.

ಅವರು ನಮ್ಮ ಮನೆ ನೋಡಲು ಬರುವ ದಿನ ಅವ್ವನನ್ನು ಅಡುಗೆಮನೆಯಲ್ಲಿ ನಿಲ್ಲಿಸಿಕೊಂಡು ಹೇಳಿದೆ.

‘ಅವರ ಮುಂದೆ ನಿನ್ನ ತಮಿಳು ತೆಗೀಬೇಡ. ಕನ್ನಡ ಆಡಿದ್ರೂ ನಿನ್ನ ರಾಗ ಗೊತ್ತಾಗ್ಬುಡ್ತದೆ. ಸುಮ್ನೆ ಇದ್ಬುಡು.’

ಅವ್ವ ಒಲೆಯ ಸೌದೆಯನ್ನು ಒಳಕ್ಕೆ ತಳ್ಳಿದಳು. ‘ಸರಿ ಬುಡು’ ಎಂದಳು.

ಮುಳ್ಳೂರಿನಲ್ಲೇ ಎಲ್ಲರಿಗಿಂತ ಹೆಚ್ಚು ಮಾತಾಡುವ ಹೆಂಗಸು ಅಂದು ಬಾಗಿಲ ಹಿಂದೆ ಕಂಬದಂತೆ ನಿಂತಳು. ‘ನಿಮ್ಮ ತಾಯಿಯೋರು ಮಾತು ಕಮ್ಮಿಯೋ?’ ಎಂದು ಭಾವಿ ಮಾವ ಕೇಳಿದರು. ‘ಸ್ವಭಾವವೇ ಹಾಗೆ’ ಎಂದೆ. ಬೀದಿಯಲ್ಲಿ ಯಾರೋ ಕೆಮ್ಮಿದರು. ನೆಂಟರು ಆ ಕೆಮ್ಮನ್ನು ಬರಿಯ ಕೆಮ್ಮು ಎಂದೇ ತಿಳಿದರು.

ಒಂದು ದಿನದ ಸುಳ್ಳಾಗಿದ್ದರೆ ಮುಗಿಯುತ್ತಿತ್ತು. ಮದುವೆಯಾಯಿತು, ಮಾವ ಹಬ್ಬಕ್ಕೊಮ್ಮೆ ಬರತೊಡಗಿದರು, ಸುಳ್ಳಿಗೆ ದಿನವೂ ನೀರೆರೆಯಬೇಕಾಯಿತು. ಮಗಳು ಹುಟ್ಟಿದಳು. ಅವ್ವ ತೊಟ್ಟಿಲು ತೂಗುತ್ತ ತನ್ನ ಭಾಷೆಯಲ್ಲಿ ಹಾಡಲು ಹೊರಟಾಗ, ‘ಮಗೂನ ಕನ್ನಡ ಕೆಡ್ತದೆ’ ಎಂದೆ. ಆರು ವಾರದ ಕೂಸಿಗೆ ಕೆಡಲು ಯಾವ ಕನ್ನಡವಿತ್ತೋ ನಾ ಕಾಣೆ. ಅವ್ವ ಹಾಡು ನಿಲ್ಲಿಸಿ ಸುಮ್ಮನೆ ತೂಗಿದಳು. ಅವಳೇನಾದರೂ ತಮಿಳಿನಲ್ಲಿ ಕೇಳಿದರೆ ನಾನು ಕನ್ನಡದಲ್ಲೇ ಉತ್ತರಿಸುತ್ತಿದ್ದೆ, ಕೊನೆಗೆ ಅವಳು ಕೇಳುವುದನ್ನೇ ಬಿಟ್ಟಳು. ಕಣಕ್ಕೆ ಕರೆಯಲು ಬಂದವರಿಗೆ, ಅವಳಿಗೆ ಸೊಂಟ ನೋವು ಎಂದು ಹೇಳಿ ಕಳಿಸುತ್ತಿದ್ದೆ. ಅವಳ ಎಣಿಕೆ ಯಳಂದೂರಿನವರೆಗೂ ಕೇಳಿಸೀತು ಎಂಬ ಭಯ. ಹೆಂಡತಿಗೆ ಮದುವೆಯಾದ ವಾರದಲ್ಲೇ ಎಲ್ಲ ಗೊತ್ತಾಗಿತ್ತು, ಅವ್ವ ಹಿತ್ತಲಲ್ಲಿ ಕೋಳಿಯನ್ನು ಬೈಯುವುದನ್ನು ಕೇಳಿದ್ದಳು. ‘ನಿಮ್ಮಪ್ಪನಿಗೆ ಹೇಳಬೇಡ’ ಎಂದು ಅವಳಿಂದಲೂ ಮಾತು ತೆಗೆದುಕೊಂಡಿದ್ದೆ. ಮಾವನೋ, ಅವ್ವನೊಡನೆ ಮಾತಾಡುವಾಗಲೆಲ್ಲ ಗಂಟಲು ಹರಿಯುವಂತೆ ಕಿರುಚುತ್ತಿದ್ದರು. ‘ಚೆನ್ನಾಗಿದ್ದೀರಾಮ್ಮಾ!’ ಎಂದರೆ ಹಿತ್ತಲಿನ ಎಮ್ಮೆ ಕಿವಿ ನಿಮಿರಿಸುತ್ತಿತ್ತು. ಮೈಸೂರು ಅಧಿಕಾರದ ದರ್ಪವೇ ಹೀಗೆ ಎಂದು ನಾನು ಹಲ್ಲು ಕಚ್ಚುತ್ತಿದ್ದೆ.

ಹೀಗೆ ಎಂಟು ವರ್ಷ ಕಳೆದು ೧೯೭೧ ಬಂತು. ಪೂರ್ವ ಬಂಗಾಳದ ಸುದ್ದಿ ರೇಡಿಯೋದಲ್ಲಿ ದಿನವೂ ಬರುತ್ತಿತ್ತು. ಲಕ್ಷಗಟ್ಟಲೆ ಜನ ಗಡಿ ದಾಟಿ ನಮ್ಮ ದೇಶಕ್ಕೆ ಬರುತ್ತಿದ್ದಾರೆ, ಅವರ ಬಿಡುಗಡೆಗೆ ನಾವು ನೆರವಾಗಬೇಕು ಎಂಬ ಮಾತು ಎಲ್ಲೆಲ್ಲೂ. ನಾನು ನೋಡನೋಡುತ್ತಲೇ ಬಂಗಾಳದ ಪಂಡಿತನಾದೆ. ಪೂರ್ವದಿಕ್ಕಿನಲ್ಲಿ ಅವ್ವನ ತವರು ಬಿಟ್ಟರೆ ನಾನು ಕಂಡ ಊರು ಶಾಗ್ಯ ಒಂದೇ. ಆದರೂ ಟೀ ಅಂಗಡಿಯ ಬೆಂಚಿನ ಮೇಲೆ ನೀರು ಚೆಲ್ಲಿ, ಬೆರಳಿನಿಂದ ನದಿಗಳನ್ನು ಎಳೆದು, ನಮ್ಮ ಸೈನ್ಯ ಎಲ್ಲಿ ದಾಟಬೇಕೆಂದು ತೋರಿಸುತ್ತಿದ್ದೆ. ಅಂಗಡಿಯವನು ಬಂದು ಒರೆಸುವವರೆಗೆ ನನ್ನ ಯುದ್ಧ ನಡೆಯುತ್ತಿತ್ತು.

ಡಿಸೆಂಬರಿನಲ್ಲಿ ನಿಜವಾದ ಯುದ್ಧವೇ ಶುರುವಾಯಿತು. ಊರಲ್ಲಿ ಆಗಷ್ಟೇ ರಾಗಿ ಒಕ್ಕಣೆ ನಡೆದಿತ್ತು. ಮನೆಗೆ ಇಷ್ಟಿಷ್ಟು ರಾಗಿ ಸೇರಿಸಿ ನಿರಾಶ್ರಿತರಿಗೆ ಕಳಿಸೋಣ ಎಂದು ನಾನೇ ಮಾತೆತ್ತಿದೆ. ಬಂಗಾಳಿಗಳು ಅನ್ನ ಉಣ್ಣುವವರು, ಮುದ್ದೆಯನ್ನು ಕಂಡರೆ ಅದನ್ನೇನು ಮಾಡಬೇಕೆಂದು ಅವರಿಗೆ ತಿಳಿಯಲಾರದು ಎಂಬುದು ಊರಿನ ಒಬ್ಬರಿಗೂ ಹೊಳೆಯಲಿಲ್ಲ. ಹಸಿದವರಿಗೆ ಮುದ್ದೆಗಿಂತ ಮೇಲಾದದ್ದು ಏನಿದೆ ಎಂಬುದೇ ನಮ್ಮೆಲ್ಲರ ಲೆಕ್ಕ.

ಭಾನುವಾರ ಬೆಳಗ್ಗೆ ಸ್ಕೂಲಿನ ಮುಂದೆ ಸಭೆ. ಮಾವನೂ ಯಳಂದೂರಿನಿಂದ ಬಸ್ಸಿನ ಮೇಲೆ ಒಂದು ಮೂಟೆ ಹಾಕಿಸಿಕೊಂಡು ಬಂದರು. ಅವರು ತಂದದ್ದು ಅಕ್ಕಿ. ‘ಬಂಗಾಳದೋರು ರಾಗಿ ತಿಂತಾರಾ ಅಳಿಯಂದ್ರೆ?’ ಎಂದು ಕಿವಿಯಲ್ಲಿ ಕೇಳಿದರು. ಕೇಳಿಸದವನಂತೆ ವೇದಿಕೆಯ ಕಡೆ ನಡೆದೆ. ವೇದಿಕೆ ಎಂದರೆ ಹೆಡ್‌ಮೇಷ್ಟ್ರ ಮೇಜು.

ಅಂದಿನ ನನ್ನ ಭಾಷಣ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ‘ತಾಯಿಯ ನುಡಿಯನ್ನು ಆಡಬೇಡ ಎಂದವರು ಎಂಥ ಕಟುಕರು! ಬಂಗಾಳಿ ಬೇಡ, ಉರ್ದು ಸಾಕು ಎಂದಾಗ ತಮ್ಮ ಮಾತಿಗಾಗಿ ಆ ನಾಡಿನ ಹುಡುಗರು ಗುಂಡಿಗೆ ಎದೆಯೊಡ್ಡಿದರು! ತಾಯ ನಾಲಿಗೆಯನ್ನು ಕಟ್ಟಿದ ಕೈ ಎಂದಿಗೂ ಏಳಿಗೆ ಕಾಣದು!’ ಎಂದು ಮೇಜು ಕುಟ್ಟಿದೆ. ಜನ ಚಪ್ಪಾಳೆ ತಟ್ಟಿದರು. ಹೆಂಗಸರ ಸಾಲಿನಲ್ಲಿ ಅವ್ವ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು. ಮಗನ ಭಾಷಣ ಎಂದು ಹಿಗ್ಗಿದ್ದಾಳೆ ಎಂದುಕೊಂಡೆ.

ಆಮೇಲೆ ರಾಗಿ ಅಳೆಯುವ ಕೆಲಸ. ಊರ ಹಿರಿಯರೊಬ್ಬರು ಎದ್ದು, ‘ಧರ್ಮದ ರಾಗಿ ಕಣ್ರಪ್ಪ. ಮೇಷ್ಟ್ರು ಅವ್ವನೇ ಅಳೀಲಿ’ ಎಂದರು. ಸೊಂಟ ನೋವು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಮಗುವನ್ನು ಇಳಿಸಿ, ಸೆರಗು ಸಿಕ್ಕಿಸಿ, ರಾಶಿಯ ಮುಂದೆ ಕೂತೇಬಿಟ್ಟಿದ್ದಳು. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಹಲ್ಲಿನ ಸಂದಿಯಲ್ಲಿ ಹೇಳಿದೆ.

‘ಮಾವ ಅವ್ರೆ. ಕನ್ನಡದಲ್ಲೇ ಎಣ್ಸು.’

ಅವ್ವ ಸೇರು ತುಂಬಿದಳು. ‘ಲಾಭ’ ಎಂದಳು. ‘ಎರಡು. ಮೂರು.’ ಪರೀಕ್ಷೆಗೆ ನಿಂತ ಹುಡುಗಿಯ ಹಾಗೆ ನಿಂತು ನಿಂತು ಹೇಳುತ್ತಿದ್ದಳು. ‘ನಾಕು. ಐದು. ಆರು. ಏಳು.’ ಆರು, ಏಳು ಎರಡೂ ಭಾಷೆಗೆ ಒಂದೇ. ಅಲ್ಲಿಗೆ ಬಂದ ನಾಲಿಗೆ ತನಗೆ ಗೊತ್ತಿದ್ದ ಹಳೆಯ ದಾರಿಗೆ ತಿರುಗಿ ಎಂಟಕ್ಕೆ ‘ಎಟ್’ ಎಂದಿತು. ಅವ್ವ ಬೆಚ್ಚಿ ಬಾಯಿ ಮುಚ್ಚಿದಳು. ಕೈಯಲ್ಲಿದ್ದ ಸೇರು ಏಳನೆಯದೋ ಎಂಟನೆಯದೋ ತಿಳಿಯದೆ ಹೋಯಿತು. ಅಳೆದದ್ದನ್ನೆಲ್ಲ ಮತ್ತೆ ರಾಶಿಗೆ ಸುರಿದು ಮೊದಲಿನಿಂದ ಶುರು ಮಾಡಿದಳು. ಮತ್ತೆ ಏಳಕ್ಕೆ ಬಂದು ನಿಂತಳು. ಹಿಂದೆ ಯಾರೋ ಕಿಸಕ್ಕೆಂದರು. ಒಂದು ಕಾಳು ಹೆಚ್ಚುಕಮ್ಮಿಯಾಗದಂತೆ ರಾಶಿಗಟ್ಟಲೆ ಅಳೆದಿದ್ದ ಕೈ ಎರಡನೆಯ ಸಲವೂ ಅಳೆದದ್ದನ್ನು ರಾಶಿಗೆ ಸುರಿಯುವುದನ್ನು ನೋಡಿದೆ. ನೋಡಿ ನಾನು ಮಾಡಿದ್ದೇನು? ‘ತಾ ಇಲ್ಲಿ, ನಾನೇ ಅಳೀತೀನಿ’ ಎಂದು ಸೇರು ಕಿತ್ತುಕೊಳ್ಳಲು ಕೈ ಚಾಚಿದೆ.

ಮಾವ ಎದ್ದು ಬಂದರು. ನನ್ನ ಕೈಯನ್ನು ಸರಿಸಿ, ಕೋಟಿನ ತುದಿಯನ್ನು ಮಡಿಲಿಗೆ ಎಳೆದುಕೊಂಡು ಅವ್ವನ ಎದುರು ಮಣ್ಣಿನಲ್ಲೇ ಕೂತರು.

‘ಉಂಗ ಬಾಷೈಲೆಯೇ ಎಣ್ಣುಂಗಮ್ಮಾ’ ಎಂದರು. ನಿಮ್ಮ ಭಾಷೆಯಲ್ಲೇ ಎಣಿಸಿ ಎಂದು, ಒಳ್ಳೆಯ ತಮಿಳಿನಲ್ಲಿ, ಮೆಲುದನಿಯಲ್ಲಿ.

ಅವ್ವ ನನ್ನ ಕಡೆ ನೋಡಲಿಲ್ಲ. ‘ಲಾಬಂ’ ಎಂದಳು. ಆ ದನಿ ಸ್ಕೂಲಿನ ಗೋಡೆಗೆ ಹೊಡೆದು ವಾಪಸ್ಸು ಬಂತು. ರೆಂಡು, ಮೂಣು, ನಾಲು. ಏಳು ದಾಟಿತು, ಎಟ್ಟು ದಾಟಿತು, ಇಪ್ಪತ್ತಾಯಿತು, ಮೂವತ್ತಾಯಿತು. ಸೇರು ಏಳುತ್ತ ಬೀಳುತ್ತ ರಾಶಿ ಕರಗಿ ಮೂಟೆಗಳಾದವು. ನಗುವವರು ಯಾರೂ ಇರಲಿಲ್ಲ. ನಾನು ಚೀಲದ ಬಾಯಿ ಹಿಡಿದುಕೊಂಡು ನಿಂತೆ, ನನಗೆ ಉಳಿದ ಕೆಲಸ ಅದೊಂದೇ.

ಊಟಕ್ಕೆ ಕೂತಾಗ ಮಾವ ಹೇಳಿದರು. ಕಚೇರಿಗೆ ಸೇರುವ ಮುಂಚೆ ಈರೋಡಿನ ಅರಿಶಿನ ಮಂಡಿಯಲ್ಲಿ ಮೂರು ವರ್ಷ ಕೆಲಸಕ್ಕಿದ್ದರಂತೆ.

‘ಯಾವತ್ತೂ ಹೇಳ್ಲೇ ಇಲ್ವಲ್ಲ ಮಾವ?’

‘ಯಾರ್ ಹತ್ರ ಹೇಳಾದು? ನಿಮ್ ತಾಯಿಗೆ ಕಿವಿ ಕೇಳಾಕಿಲ್ಲ ಅಂದ್ಕಂಡಿದ್ದೆ ನಾನು. ಪಾಪ, ಅದ್ಕೇ ಮಾತೂ ಕಮ್ಮಿ ಅಂತ. ಎಂಟು ವರ್ಷ ಕಿರ್ಚಿ ಕಿರ್ಚಿ ನನ್ ಗಂಟ್ಲು ಓಯ್ತು ಕಣ್ರಿ.’

ಹೆಂಡತಿ ಸಾರಿನ ಪಾತ್ರೆ ಹಿಡಿದು ಒಳಗೋಡಿದಳು, ನಗು ತಡೆಯಲಾರದೆ. ನಾನು ಯಾರಿಗೆ ಹೆದರಿ ಅವ್ವನ ಬಾಯಿಗೆ ಬೀಗ ಹಾಕಿದ್ದೆನೋ ಆ ಮನುಷ್ಯನ ಬಳಿ ಅದರ ಕೀಲಿ ಮೊದಲಿನಿಂದಲೂ ಇತ್ತು. ಬಂಗಾಳದವರ ನೆರವಿಗೆ ನೆರೆಯ ಭಾರತ ಬಂತು, ಅವ್ವನ ನೆರವಿಗೆ ನೆರೆಯ ಯಳಂದೂರು. ಈ ಕಥೆಯಲ್ಲಿ ನಾನು ಯಾರ ಪಾತ್ರ ವಹಿಸಿದ್ದೆ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಬಹಳ ದಿನ ಬರಲಿಲ್ಲ.

ಸಂಜೆ ಮಾವನನ್ನು ಬಸ್ಸು ಹತ್ತಿಸಿ ಬಂದೆ. ಅವ್ವ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಳು.

‘ಮಗಾ, ಆ ಊರ್ನೋರು ಮಾತ್ಗೋಸ್ಕರ ಸತ್ರು ಅಂದ್ಯಲ್ಲ. ಅವ್ರ ಮಾತ್ನ ಆಡ್ಬ್ಯಾಡಿ ಅಂದೋರು ಯಾರು? ಒರಗ್ನೋರಾ?’

‘ಇಲ್ಲವ್ವ. ಅವರದೇ ಸರ್ಕಾರ.’

‘ಓ, ಮನೆಯೋರೇ’ ಎಂದಳು. ಸಿಟ್ಟಿನಿಂದಲ್ಲ, ಪಾಠ ಅರ್ಥವಾದವರು ತಲೆಯಾಡಿಸುವ ಹಾಗೆ.

ನನಗೆ ಅಳು ಬಂತು. ತಪ್ಪಾಯಿತು ಎಂದು ಹೇಳಬೇಕು, ಅದನ್ನು ಅವಳ ಭಾಷೆಯಲ್ಲೇ ಹೇಳಬೇಕು ಅನ್ನಿಸಿತು. ಪಕ್ಕದಲ್ಲಿ ಕೂತು ‘ಅಮ್ಮಾ’ ಎಂದು ಶುರು ಮಾಡಿದೆ. ಮೂರು ಮಾತು ತಮಿಳಿನಲ್ಲಿ ಹೊರಟವು, ನಾಲ್ಕನೆಯದಕ್ಕೆ ತಡಕಾಡಿದೆ, ಸಿಗಲಿಲ್ಲ. ಕನ್ನಡದ್ದನ್ನೇ ತಮಿಳಿನ ರಾಗದಲ್ಲಿ ಎಳೆದೆ. ಅವಳಿಂದ ಕಲಿತ ಮೊದಲ ಮಾತುಗಳು ಬಾಯಲ್ಲಿ ಇರಲಿಲ್ಲ. ಬೆಳಗ್ಗೆ ಅವ್ವ ಏಳರಲ್ಲಿ ನಿಂತಂತೆ ನಾನೂ ನಿಂತೆ.

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

‘ಬ್ಯಾಡ ಬುಡು ಮಗಾ. ನಿನ್ ತಮಿಳ ಕೇಳಾಕಾಗಕಿಲ್ಲ. ಕನ್ನಡದಲ್ಲೇ ಏಳು, ನಂಗ್ ಅರ್ಥಾಯ್ತದೆ.’

ಹೇಳಿದೆ. ಅವಳು ನನ್ನ ಬೆನ್ನು ಸವರಿದಳು. ಆಮೇಲೆ ಒಳಗೆ ಆಡುತ್ತಿದ್ದ ಮೊಮ್ಮಗಳನ್ನು ಕೂಗಿ ಕರೆದಳು, ತನ್ನ ಭಾಷೆಯಲ್ಲಿ. ಮಗು ಹೊಸಿಲಿಗೆ ಬಂದು ನಿಂತು ಅಜ್ಜಿಯನ್ನು ನೋಡಿತು, ನನ್ನನ್ನು ನೋಡಿತು. ಅಜ್ಜಿ ಏನು ಹೇಳಿದಳು ಎಂದು ಅದಕ್ಕೆ ತಿಳಿದಿರಲಿಲ್ಲ.