ನೀರು ಏರಿತೋ, ನೆಲ ಇಳಿಯಿತೋ

ನಮ್ಮ ಮಾವ ಹುಚ್ಚರಾಯಪ್ಪನವರ ಬಗ್ಗೆ ಹೇಳುವುದಾದರೆ ಮೊದಲು ಅವರ ಮೀಸೆಯಿಂದ ಶುರುಮಾಡಬೇಕು ಅಂತ ನನ್ನ ಗಂಡ ತೀರ್ಥೇಶ್ ಹೇಳುತ್ತಾನೆ. ನಾನು ಒಪ್ಪುವುದಿಲ್ಲ. ಮೀಸೆ ಊರಲ್ಲಿ ಎಲ್ಲರಿಗೂ ಇದೆ, ಕೆರೆ ಇರುವುದು ಮಾವನಿಗೊಬ್ಬರಿಗೇ. ಕೆರೆಯೇನೂ ಅವರ ಸ್ವಂತದ್ದಲ್ಲ, ಊರಿನದ್ದು. ಅವರು ನೀರುಗಂಟಿ. ಬೇಸಿಗೆಯಲ್ಲಿ ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುವುದು, ಮಳೆಗಾಲದಲ್ಲಿ ಕೋಡಿ ಕಾಯುವುದು ಅವರ ಕೆಲಸ, ಅವರಪ್ಪನಿಂದ ಬಂದದ್ದು. ಯಾರಾದರೂ "ಕೆರೆ ಹೆಂಗೈತೆ?" ಅಂತ ಕೇಳಿದರೆ ಮಾವ ಬಾಣಂತಿ ಮಗಳ ಸುದ್ದಿ ಹೇಳುವವರ ಹಾಗೆ ಹೇಳುತ್ತಾರೆ: "ಚೆನ್ನಾಗೈತೆ, ಸ್ವಲ್ಪ ಸುಸ್ತು ಅಷ್ಟೆ."

ನಾನು ಶಿಕಾರಿಪುರದ ಕಡೆಯವಳು, ಉಡುತಡಿ ನನ್ನ ತವರು. ಮದುವೆಯಾಗಿ ಸೊರಬದ ಈ ಕಡೆಗೆ, ಕುಬಟೂರಿನ ಹತ್ತಿರದ ಈ ಊರಿಗೆ ಬಂದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಬಂದು ನೋಡಿದರೆ ಈ ಮನೆಯಲ್ಲಿ ಆಗಲೇ ಒಂದು ಜಗಳ ನಡೆಯುತ್ತಿತ್ತು, ಅದರಲ್ಲಿ ನನಗೆ ಪಾಲೇ ಇರಲಿಲ್ಲ. ಅದನ್ನು ಹೇಗೆ ಸಹಿಸಿಕೊಳ್ಳಲಿ?

ಜಗಳ ಮಾವನಿಗೂ ಅವರ ಒಬ್ಬಳೇ ತಂಗಿಗೂ. ಮೂಕಮ್ಮ ಅಂತ ಹೆಸರು, ಮಾತು ಮಾತ್ರ ಅರಳು ಹುರಿದ ಹಾಗೆ. ನಾನು ಅತ್ತೆ ಅನ್ನುತ್ತೇನೆ. ಅವರನ್ನು ಕೊಟ್ಟಿರುವುದು ಕೆರೆಯ ಆಚೆ ದಡದ ಊರಿಗೆ. ಮದುವೆಯಲ್ಲಿ ಅವರಪ್ಪ ಅರಿಶಿನ-ಕುಂಕುಮಕ್ಕೆ ಅಂತ ಆಚೆ ದಡದಲ್ಲಿ, ನೀರಿನ ಅಂಚಿಗೇ ಇರುವ ಒಂದು ತುಂಡು ಗದ್ದೆ ಕೊಟ್ಟಿದ್ದರು. ಆ ಗದ್ದೆಗೆ ಕೆರೆ ಒಳಗೊಳಗೇ ಬರತೊಡಗಿತ್ತು. ಒಂದು ವರ್ಷ ಬದು ಮುಳುಗಿತು. ಮುಂದಿನ ವರ್ಷ ಕೆಳಗಿನ ಮಡಿಯ ಪೈರು ಕೊಳೆಯಿತು. ಅದರಾಚೆ ವರ್ಷ ಇನ್ನೊಂದು ಮಡಿ.

"ಅಣ್ಣ ನೀರು ಏರಿಸ್ತಾನೆ," ಅಂತ ಅತ್ತೆ ಸಿಕ್ಕಸಿಕ್ಕವರ ಮುಂದೆ ಹೇಳಿದರು. "ಅಪ್ಪ ಕೊಟ್ಟಿದ್ದನ್ನ ಬಾಯಿಬಿಟ್ಟು ಕೇಳಕ್ಕೆ ನಾಚಿಕೆ. ಅದಕ್ಕೆ ಕೆರೆ ಕೈಲಿ ವಾಪಸ್ ಇಸ್ಕಂತಾನೆ."

ಹಾಗೆಂದವರು ತವರಿನ ಹೊಸಿಲು ತುಳಿಯುವುದನ್ನೇ ಬಿಟ್ಟರು. ಪಂಚಮಿಗೂ ಇಲ್ಲ, ಗೌರಿ ಹಬ್ಬಕ್ಕೂ ಇಲ್ಲ. ಹಬ್ಬದ ದಿನ ಮಾವ ಉಂಡು ಕೈತೊಳೆದು ಜಗಲಿಯಲ್ಲಿ ಕೂತು ಆಚೆ ದಡ ನೋಡುತ್ತಿದ್ದರು. ಹೋಗಿ ಕರೆದುಕೊಂಡು ಬನ್ನಿ ಅಂತ ನಾನು ಅಂದರೆ ಮೀಸೆ ಎದ್ದು ನಿಲ್ಲುತ್ತಿತ್ತು.

"ನೀರು ಒಂದು ಬೆರಳೂ ಏರಿಲ್ಲ. ಅವಳ ಗದ್ದೆನೇ ಇಳ್ದೈತೆ. ಟ್ರ್ಯಾಕ್ಟರ್ ಹೊಡ್ಸಿ ಹೊಡ್ಸಿ ತಗ್ಗು ಮಾಡ್ಕಂಡವಳೆ. ನಂಗೆ ಸಾಕ್ಷಿ ಐತೆ."

ಸಾಕ್ಷಿ ಅಂದರೆ ಮನುಷ್ಯನಲ್ಲ, ಕೆರೆಯಂಗಳದ ಮೇಲಂಚಿನಲ್ಲಿ ನಿಂತ ಒಂದು ವೀರಗಲ್ಲು. ಯಾವ ಕಾಲದ್ದೋ, ಬಿಲ್ಲು ಹಿಡಿದ ವೀರ, ಮೂಗು ಸವೆದುಹೋಗಿದೆ. ಊರವರು ವೀರಪ್ಪ ಅನ್ನುತ್ತಾರೆ. ಮಳೆ ಕಡಿಮೆಯಾಗುವ ಹೊತ್ತಿಗೆ, ಹೆಚ್ಚಿನ ನೀರು ಹರಿದುಹೋಗುವ ಕೋಡಿಯ ಮೇಲೆ ಮರಳಿನ ಚೀಲ ಪೇರಿಸಿ ಬೇಸಿಗೆಗೆ ಅಂತ ಸ್ವಲ್ಪ ನೀರು ಹೆಚ್ಚಿಗೆ ಹಿಡಿಯುವುದು ನಮ್ಮಲ್ಲಿ ವಾಡಿಕೆ. ಎಷ್ಟು ಹಿಡಿಯಬೇಕು ಅನ್ನುವುದಕ್ಕೆ ಗುರುತು ವೀರಪ್ಪ. ಅವನ ಪಾದಕ್ಕೆ ನೀರು ಮುಟ್ಟಿತೋ, ಅಲ್ಲಿಗೆ ಚೀಲ ನಿಲ್ಲಿಸಬೇಕು. ಮಾವ ಪ್ರತಿ ವರ್ಷ ಪಾದಕ್ಕೇ ನಿಲ್ಲಿಸುತ್ತಾರೆ, ಅದರಲ್ಲಿ ಸುಳ್ಳಿಲ್ಲ. ಚೀಲ ವರ್ಷದಿಂದ ವರ್ಷಕ್ಕೆ ಹೆಚ್ಚು ಬೇಕಾಗುತ್ತಿತ್ತು, ಅದೂ ನಿಜ. ಕೇಳಿದರೆ, "ಮುಂಚೆ ಗೋಣಿಚೀಲ, ಈಗ ಸಿಮೆಂಟ್ ಚೀಲ. ಸಣ್ಣವು ಕಣಮ್ಮ," ಅನ್ನುತ್ತಿದ್ದರು.

ದೇವರಾಜನ ಚಹಾದಂಗಡಿಯಲ್ಲಿ ಊರು ಎರಡು ಹೋಳಾಯಿತು. ನೀರು ಏರಿತು ಅನ್ನುವವರು ಒಂದು ಬೆಂಚು, ನೆಲ ಇಳಿಯಿತು ಅನ್ನುವವರು ಇನ್ನೊಂದು. ದೇವರಾಜ ಎರಡೂ ಬೆಂಚಿಗೆ ಹೌದ್ಹೌದು ಅಂದು ಚಹಾ ಮಾರಿಕೊಂಡ.

ಹೋದ ಬೇಸಿಗೆಯಲ್ಲಿ ತೀರ್ಥೇಶ್ ಲಾರಿಯಲ್ಲಿ ಶುಂಠಿ ಹೇರಿಕೊಂಡು ಘಟ್ಟದ ಕೆಳಗೆ ಹೋಗಿದ್ದ. ಬಂದು ಊಟಕ್ಕೆ ಕೂತವನು ಸಮುದ್ರದ ಕತೆ ತೆಗೆದ. ಅಲ್ಲೊಂದು ಊರಲ್ಲಿ ತೆಂಗಿನಮರಗಳು ಬುಡಸಮೇತ ಅಲೆಯಲ್ಲಿ ಬಿದ್ದಿದ್ದವಂತೆ.

"ಅಲ್ಲೂ ನಮ್ಮನೆ ಜಗಳನೇ," ಅಂದ. "ಸಮುದ್ರ ಏರ್ತು ಅಂತ ಒಬ್ಬ, ನೆಲ ಕುಸೀತು ಅಂತ ಇನ್ನೊಬ್ಬ. ಅಳತೆಗೆ ಬಂದಿದ್ದ ಒಬ್ರು ನಮ್ ಜೊತೆನೇ ಊಟ ಮಾಡ್ತಿದ್ರು. ಎರಡೂ ಆಗಬೋದು, ಒಂದೊಂದು ಕಡೆ ಒಂದೊಂದು ಥರ ಅಂದ್ರು. ಅದಕ್ಕೆ ಮೊದ್ಲು, ನೀರು ಅಳೆಯೋ ಕಂಬ ನೆಟ್ಟ ಜಾಗದಲ್ಲೇ ಐತಾ ಅಂತ ನೋಡ್ತಾರಂತೆ. ಕಂಬನೇ ಏರಿಳಿದ್ರೆ ಲೆಕ್ಕ ಎಲ್ಲ ತಪ್ಪು."

"ನಮ್ ವೀರಪ್ಪ ಎಲ್ಲಿಗೋಗ್ತಾನೆ, ಕಲ್ಲು," ಅಂತ ಮಾವ ಮಜ್ಜಿಗೆ ಸುರಿದುಕೊಂಡರು.

ಅದೇ ವಾರ ಕೆರೆ ಬತ್ತಿ ಅಂಗಳ ಬಿರುಕು ಬಿಟ್ಟಿತು. ಬುತ್ತಿ ತೆಗೆದುಕೊಂಡು ಹೋದೆ. ಮಾವ, ಅವರ ಗೆಳೆಯ ಉಜ್ಜಪ್ಪ, ಇನ್ನಿಬ್ಬರು ಹಾರೆ ಹಾಕಿ ವೀರಪ್ಪನನ್ನು ಮೀಟುತ್ತಿದ್ದರು. ಎದ್ದ ಕಲ್ಲಿನ ಕೆಳಗೆ ಉಜ್ಜಪ್ಪ ಜಲ್ಲಿ ತುಂಬುತ್ತಿದ್ದ.

"ಏನ್ ಮಾಡಾಕ್ಹತ್ತೀರಿ ಮಾವ?"

"ಮಳೆಗಾಲದಾಗೆ ಕೆಸರಲ್ಲಿ ಒಂಚೂರು ಕುಸೀತಾನೆ. ವೀರನ ಪಾದ ಹೂತ್ಕಂಡ್ರೆ ಊರಿಗೆ ಒಳ್ಳೇದಲ್ಲ. ಅದಕ್ಕೆ ವರ್ಷಾ ಎತ್ತಿ ನಿಲ್ಸೋದು."

"ಎಷ್ಟು ಕುಸಿದ್ರೆ ಅಷ್ಟೇ ಎತ್ತತೀರಾ?"

"ಅಷ್ಟೇ ಎತ್ತಿದ್ರೆ ಮತ್ತೆ ಕುಸೀತಾನಲ್ಲ! ಒಂದು ನಾಲ್ಕು ಬೆರಳು ಜಾಸ್ತಿನೇ ಇರ್ಲಿ ಅಂತ..."

ನಾನು ಬುತ್ತಿ ಕೆಳಗಿಟ್ಟು ನಗತೊಡಗಿದೆ. ಎಷ್ಟು ನಕ್ಕೆನೆಂದರೆ ಉಜ್ಜಪ್ಪ ನನಗೆ ಬಿಸಿಲು ಬಡಿಯಿತು ಅಂದುಕೊಂಡು ನೀರಿನ ತಂಬಿಗೆ ತಂದ. ಭಕ್ತಿಯಿಂದ ವರ್ಷವರ್ಷವೂ ವೀರನನ್ನು ಮೇಲೇರಿಸಿದ್ದು ಇವರೇ, ಮೇಲೇರಿದ ಪಾದಕ್ಕೆ ಸಮವಾಗಿ ಕೆರೆಯನ್ನು ಮೇಲೇರಿಸಿದ್ದೂ ಇವರೇ. ಮಾವ ನಗಲಿಲ್ಲ. ಹಾರೆ ಹಿಡಿದುಕೊಂಡೇ ಆಚೆ ದಡದ ಗದ್ದೆ ನೋಡಿದರು, ಕಲ್ಲು ನೋಡಿದರು. ಆಮೇಲೆ ಬುತ್ತಿ ಬಿಚ್ಚದೆ, ಅಂಗಳವನ್ನು ಅಡ್ಡಹಾದು ತಂಗಿಯ ಊರಿನ ಕಡೆ ನಡೆದೇಬಿಟ್ಟರು. ಈ ಮುದುಕ ಅಲ್ಲಿ ಏನು ಮಾತಾಡಿ ಕೆಡಿಸುತ್ತಾರೋ ಅಂತ ನಾನೂ ಬೆನ್ನಿಗೇ ಓಡಿದೆ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಬಾ ಅನ್ನಲಿಲ್ಲ.

"ಮೂಕೀ, ನೀರೇ ಏರಿದ್ದು ಕಣೇ," ಅಂದರು ಮಾವ. "ಏರ್ಸಿದ್ದು ನಾನೇ. ನಿನ್ ಗದ್ದೆ ಇದ್ದಲ್ಲೇ ಐತೆ." ಮತ್ತೆ ಕಲ್ಲಿನ ಕತೆಯನ್ನೆಲ್ಲ ಹೇಳಿದರು, ಒಂದೂ ಮುಚ್ಚಿಡದೆ.

ಅತ್ತೆ ಕೇಳಿದರು. ನಗು ಬಂತು, ಸೆರಗಲ್ಲಿ ಒತ್ತಿ ಹಿಡಿದರು. "ಬೈಯಕ್ಕೆ ಅಂತ ಇಷ್ಟು ವರ್ಷ ಕೂಡಿಟ್ಟಿದ್ದ ಮಾತೆಲ್ಲ ಈಗ ಎಲ್ಲಿ ಸುರೀಲಿ ನಾನು?" ಅಂದರು. ಅಷ್ಟಾದರೂ ಒಳಗೆ ಕರೆಯಲಿಲ್ಲ. "ಬಾಯಲ್ಲಿ ಹೇಳಿದ್ರೆ ನೀರು ಇಳಿಯಲ್ಲ. ಮಳೆ ಹೋಗ್ಲಿ, ನೋಡ್ತೀನಿ."

"ಈ ವರ್ಷ ವೀರಪ್ಪನ್ನ ಕೇಳಲ್ಲ. ನಿನ್ನೇ ಕೇಳ್ತೀನಿ. ನೀನು ಸಾಕು ಅಂದಲ್ಲಿಗೆ ಸಾಕು."

ಮಳೆ ಚೆನ್ನಾಗಿಯೇ ಬಂತು. ಗೌರಿ ಹಬ್ಬ ಹತ್ತಿರಾಗುವಾಗ ಹನಿ ಹಿಂದಾಯಿತು, ಮಾವ ಚೀಲ ಪೇರಿಸಲು ಕೋಡಿಗೆ ಇಳಿದರು. ದಿನಾ ಬೆಳಿಗ್ಗೆ ನನ್ನ ಫೋನಿನಿಂದ ಆಚೆ ದಡಕ್ಕೆ ಕರೆ. "ಇಡ್ಲಾ, ಬಿಡ್ಲಾ?" ಅತ್ತೆ ಬದುವಿನ ಮೇಲೆ ನಿಂತು ನೋಡಿ, "ಇಡು" ಅನ್ನುತ್ತಿದ್ದರು. ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ. ಹುರಿದ ಅರಳೆಲ್ಲ ಎಲ್ಲಿಗೆ ಹೋಯಿತೋ. ಮಾವ ಮಾತ್ರ ಆ ಒಂದು ಮಾತಿಗೇ ಬೆಳಗಾಗುವುದನ್ನು ಕಾಯುತ್ತಿದ್ದರು.

ಒಂದು ಬೆಳಿಗ್ಗೆ ನಾವು ಮೂವರೂ ಕೋಡಿಯ ಹತ್ತಿರ ಇದ್ದಾಗ, ಕರೆ ಮಾಡುವ ಮೊದಲೇ ಅತ್ತೆಯ ಕರೆ ಬಂತು. ನೀರು ಕೆಳಗಿನ ಮಡಿಯ ಬದುವಿಗೆ ಬಂದು ನಿಂತಿದೆ ಅಂದರು.

"ಆಯ್ತು, ಸಾಕು ಹಂಗಾದ್ರೆ," ಅಂದರು ಮಾವ. ತೀರ್ಥೇಶನ ತಲೆಯ ಮೇಲಿದ್ದ ಚೀಲ ಇಳಿಸಲು ಕೈಮಾಡಿದರು.

"ಯಾರಂದ್ರು ಸಾಕು ಅಂತ? ಬೇಸಿಗೆಗೆ ಅಷ್ಟು ನೀರು ಸಾಕಾಗ್ತೈತಾ?"

ಮಾವ ಸುಳ್ಳು ಹೇಳಲಾರರು. "ಸ್ವಲ್ಪ ಕಮ್ಮಿ ಬೀಳ್ತೈತೆ."

"ಮತ್ತೆ? ಇನ್ನೊಂದು ಸಾಲು ಇಡು."

"ನಿನ್ ಮಡಿ ಮುಳುಗ್ತೈತೆ ಕಣೇ!"

"ನಂಗೆ ಕಣ್ಣಿಲ್ವಾ? ಈ ವರ್ಷ ಅದಕ್ಕೆ ನಾಟಿನೇ ಮಾಡ್ಸಿಲ್ಲ. ಅಪ್ಪ ನಂಗೆ ಗದ್ದೆ ಕೊಟ್ಟ, ನಿಂಗೆ ಕೆರೆ ಕೊಟ್ಟ. ತೂಬಲ್ಲಿ ನೀರು ಬರ್ಲಿಲ್ಲ ಅಂದ್ರೆ ಜನ ಬೈಯೋದು ನಮ್ಮಪ್ಪನ ಮಗನ್ನ. ಇಷ್ಟು ವರ್ಷ ನೀನು ಇಸ್ಕಂಡೆ. ಈ ವರ್ಷ ನಾನು ಕೊಡ್ತಿದೀನಿ. ಇಡು."

ಮಾವ ಫೋನನ್ನು ನನ್ನ ಕೈಗೆ ಕೊಟ್ಟು, ಮಗನ ತಲೆಯ ಮೇಲಿನ ಚೀಲವನ್ನು ತಾವೇ ಹೆಗಲಿಗೆ ತೆಗೆದುಕೊಂಡು, ನೀರಿಗಿಳಿದು ಕೋಡಿಯ ಮೇಲೆ ಇಟ್ಟರು.